ಆಕಾಶದ ಕಲ್ಲು ಯಾರ ತಲೆಯ ಮೇಲೆ?



ಆಗಮನ ಕಾಲದ ಮೊದಲ ಭಾನುವಾರ ಧರ್ಮಸಭೆ ನಮ್ಮನ್ನು ಎಚ್ಚರದಿಂದಿರಲು ಕರೆಯುತ್ತದೆ. 2024ರ ಡಿಸೆಂಬರ್ 1ರಂದು ನಮ್ಮ ದೇವಾಲಯಗಳಲ್ಲಿ ಓದಿದ ಸಂತ ಲೂಕನ ಶುಭಸಂದೇಶದ ಭಾಗ, ಸೂರ್ಯ ಚಂದ್ರ ನಕ್ಷತ್ರಗಳಲ್ಲಿ ಕಾಣುವ ಸೂಚನೆಗಳ ಬಗ್ಗೆ ಇತ್ತು. ಅದೇ ತಿಂಗಳ 25ರಂದು, ನಾವೆಲ್ಲ ಕ್ರಿಸ್ತಜಯಂತಿಯ ಸಂಭ್ರಮದಲ್ಲಿದ್ದಾಗ, ಸುಮಾರು 60 ಮೀಟರ್ ಗಾತ್ರದ ಒಂದು ಬಂಡೆ ಭೂಮಿಯಿಂದ ಸುಮಾರು 8,29,000 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ದಿನದ ನಂತರ, ಸಂತ ಯೊವಾನ್ನರ ಹಬ್ಬದಂದು, ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿರುವ ಅಟ್ಲಾಸ್ ಎಂಬ ದೂರದರ್ಶಕ ಅದನ್ನು ಕಂಡಿತು. ಅದಕ್ಕೆ 2024 ವೈಆರ್4 ಎಂದು ಹೆಸರಾಯಿತು.

ಲೆಕ್ಕ ಹಾಕಿದವರು ಗಾಬರಿಯಾದರು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಇತ್ತು. 2025ರ ಫೆಬ್ರವರಿ 18ರಂದು ಆ ಸಾಧ್ಯತೆ ಶೇಕಡಾ 3.1ಕ್ಕೆ ಏರಿತು. ಬಿದ್ದರೆ ಒಂದು ನಗರವನ್ನೇ ನಾಶಮಾಡಬಲ್ಲ ಕಲ್ಲು ಅದು! ಎಲ್ಲಿ ಬೀಳಬಹುದೆಂದು ಭೂಪಟದ ಮೇಲೆ ಒಂದು ಗೆರೆ ಎಳೆದರು. ಅದು ಶಾಂತಸಾಗರದ ಪೂರ್ವಭಾಗದಿಂದ ಹೊರಟು, ದಕ್ಷಿಣ ಅಮೆರಿಕದ ಉತ್ತರಭಾಗ, ಅಟ್ಲಾಂಟಿಕ್ ಸಾಗರ, ಆಫ್ರಿಕ, ಅರಬ್ಬಿ ಸಮುದ್ರಗಳನ್ನು ದಾಟಿ ನಮ್ಮ ದಕ್ಷಿಣ ಏಷ್ಯಾವನ್ನು ಮುಟ್ಟಿತು. ಮತ್ತಷ್ಟು ಚಿತ್ರಗಳು ದೊರೆತು ಲೆಕ್ಕ ಸೂಕ್ಷ್ಮವಾಯಿತು. ಫೆಬ್ರವರಿ ಮುಗಿಯುವ ಮೊದಲೇ, 2032ರಲ್ಲಿ ಭೂಮಿಗೆ ಅದರಿಂದ ಅಪಾಯವಿಲ್ಲವೆಂದು ತಿಳಿಯಿತು.

ಭಯ ಹೋಯಿತು, ನಿಜ. ಆದರೆ ಆ ಕೆಲವು ವಾರಗಳು ನಮ್ಮ ವಿಶ್ವಾಸದ ಮುಂದೆ ಮೂರು ಪ್ರಶ್ನೆಗಳನ್ನು ಇಟ್ಟುಹೋಗಿವೆ. ಅವನ್ನು ನಮ್ಮ ಮನೆಗಳಲ್ಲಿ ಕುಳಿತು ಯೋಚಿಸುವುದು ಒಳ್ಳೆಯದು.

ಇದು ಶಿಕ್ಷೆಯೇ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಿರಿಯರಿಗೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಇಂದಿಗೂ ನೆನಪಿದೆ. ಮಹಾರಾಷ್ಟ್ರದ ಕಿಲ್ಲಾರಿ ಬಸವಕಲ್ಯಾಣದಿಂದ ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರಿನೊಳಗೇ ಇದೆ. ಅಂದು ಭೂಮಿ ನಡುಗಿ ಸುಮಾರು 10,000 ಮಂದಿ ಸತ್ತರು. ಬಹುಪಾಲು ಜನ ತಮ್ಮದೇ ಕಲ್ಲು ಮಣ್ಣಿನ ಮನೆಗಳಡಿ, ಮಲಗಿದ್ದಲ್ಲಿಯೇ ಹೂತುಹೋದರು.

ಇಂಥ ದುರಂತ ಬಂದಾಗಲೆಲ್ಲ, ಯಾರೋ ಮಾಡಿದ ಪಾಪಕ್ಕೆ ಇದು ಫಲ ಎಂಬ ಮಾತು ಹುಟ್ಟುತ್ತದೆ. ಆಕಾಶದಿಂದ ಉಲ್ಕೆ ಬಿದ್ದರಂತೂ ಕೇಳುವುದೇ ಬೇಡ. ಪ್ರಭು ಯೇಸುವಿನ ಕಾಲದಲ್ಲಿಯೂ ಹಾಗೆಯೇ ಇತ್ತು. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಜನ ಭಾವಿಸಿದರು. ಅಲ್ಲ ಎಂದು ಪ್ರಭು ಖಂಡಿತವಾಗಿ ಹೇಳಿದರು. ಆ ಮಾತನ್ನು ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಓದಿರಿ. ಸತ್ತವರ ಪಾಪವನ್ನು ಅಳೆಯಬೇಡಿ, ಬದುಕಿರುವ ನೀವು ಮನಸ್ಸು ತಿರುಗಿಸಿ ಎಂಬುದು ಅದರ ಸಾರ.

ಬಡಿಯುವ ಕಲ್ಲು ಕೆಳಗಿರುವವರು ಯಾರೆಂದು ನೋಡುವುದಿಲ್ಲ. ನಮ್ಮ ಬಸವಕಲ್ಯಾಣದ ನೆಲದಡಿಯ ಕಪ್ಪುಬಂಡೆಯ ಹಾಸು ಮಹಾರಾಷ್ಟ್ರದ ಉದ್ದಕ್ಕೂ ಹರಡಿದೆ. ಅದೇ ಬಂಡೆಯ ಮೇಲೆ, ಬುಲ್ಢಾಣಾ ಜಿಲ್ಲೆಯ ಲೋಣಾರದಲ್ಲಿ, ಸುಮಾರು 1.8 ಕಿ.ಮೀ. ಅಗಲದ ದುಂಡನೆಯ ಕುಳಿ ಇದೆ. ಅದರೊಳಗೆ ಈಗ ಸರೋವರ. ಬಹಳ ಹಿಂದೆ ಆಕಾಶದಿಂದ ಬಂದ ಬಂಡೆಯೊಂದು ಮಾಡಿದ ಗಾಯ ಅದು. ಯಾರ ಪಾಪಕ್ಕಾಗಿ ಅದು ಬಿತ್ತೆಂದು ಕೇಳಿದರೆ ಅರ್ಥವಿದೆಯೇ?

ಕಾಯುವುದು ಅವಿಶ್ವಾಸವೇ?

ಎರಡನೆಯ ಪ್ರಶ್ನೆ. ಎಲ್ಲವೂ ದೇವರ ಚಿತ್ತದಂತೆ ನಡೆಯುವುದಾದರೆ, ಕೋಟ್ಯಂತರ ರೂಪಾಯಿ ಖರ್ಚು ಮಾಡಿ ಆಕಾಶವನ್ನು ಕಾಯುವುದೇಕೆ? ಹೀಗೆ ಕೇಳುವವರು ಭಕ್ತರೇ. ಆದ್ದರಿಂದ ಅವರ ಮಾತನ್ನು ತಳ್ಳಿಹಾಕಬಾರದು.

ಕಿಲ್ಲಾರಿಗೂ ಈ ಕಲ್ಲಿಗೂ ಇರುವ ವ್ಯತ್ಯಾಸವನ್ನು ನೋಡಿ. ಭೂಕಂಪದ ದಿನ, ಗಂಟೆಗಳನ್ನು ಮುಂಚಿತವಾಗಿ ಹೇಳುವ ವಿದ್ಯೆ ಇಂದಿಗೂ ಇಲ್ಲ. ಆದರೆ ಕ್ಷುದ್ರಗ್ರಹ ತನ್ನ ದಾರಿಯಲ್ಲಿ ಕ್ರಮವಾಗಿ ಬರುತ್ತದೆ. ಆಕಾಶದ ಒಂದೇ ಭಾಗವನ್ನು ರಾತ್ರಿಯಲ್ಲಿ ಕೆಲವು ಸಲ ಚಿತ್ರ ತೆಗೆದರೆ, ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕೆ ಮಾತ್ರ ಸರಿದಿರುತ್ತದೆ. ಹಲವು ರಾತ್ರಿ ಅದನ್ನು ಹಿಂಬಾಲಿಸಿದರೆ, ವರ್ಷಗಳ ನಂತರ ಅದು ಎಲ್ಲಿರುತ್ತದೆಂದು ಹೇಳಬಹುದು. ತಿಳಿಯಲಾಗದ ವಿಪತ್ತಿನಲ್ಲಿ ನಮ್ಮ ಮೇಲೆ ಹೊಣೆ ಕಡಿಮೆ. ತಿಳಿಯಬಹುದಾದ ವಿಪತ್ತಿನಲ್ಲಿ, ತಿಳಿಯದೆ ಇರುವುದೇ ತಪ್ಪಾಗುತ್ತದೆ.

ಪ್ರವಾದಿ ಯೆಜೆಕಿಯೇಲನ ಗ್ರಂಥದ 33ನೇ ಅಧ್ಯಾಯದಲ್ಲಿ ಕಾವಲುಗಾರನ ಮಾತು ಬರುತ್ತದೆ. ಶತ್ರು ಬರುವುದನ್ನು ಕಂಡೂ ಕೊಂಬು ಊದದವನ ಮೇಲೆಯೇ ಸತ್ತವರ ರಕ್ತದ ಹೊಣೆ ಬೀಳುತ್ತದೆ. ಪ್ರಭು ಕಾಯದ ಊರಿಗೆ ಕಾವಲು ವ್ಯರ್ಥವೆಂಬ ಭಾವ 127ನೇ ಕೀರ್ತನೆಯಲ್ಲಿ ಇದೆ. ಆದರೆ ಕಾವಲುಗಾರ ಮಲಗಲಿ ಎಂದು ಆ ಕೀರ್ತನೆ ಹೇಳುವುದಿಲ್ಲ! ನಮ್ಮ ಕಡೆಯ ರೈತ ದೇವರಿಗೆ ಕೈಮುಗಿದೇ ಬಿತ್ತುತ್ತಾನೆ. ಹಾಗೆಂದು ತೊಗರಿ, ಜೋಳಕ್ಕೆ ಹಂದಿ ಬೀಳುವ ಕಾಲದಲ್ಲಿ ಹೊಲ ಕಾಯದೆ ಇರುತ್ತಾನೆಯೇ? ರಾತ್ರಿಯ ಅವನ ಎಚ್ಚರವನ್ನು ಅವಿಶ್ವಾಸವೆಂದು ಯಾರೂ ಕರೆಯುವುದಿಲ್ಲ.

ಧರ್ಮಸಭೆಯೂ ಈ ಕೆಲಸವನ್ನು ಅನ್ಯವೆಂದು ಬಗೆದಿಲ್ಲ. 1801ರ ಜನವರಿ 1ರಂದು ಮೊಟ್ಟಮೊದಲ ಕ್ಷುದ್ರಗ್ರಹ ಸೆರೆಸನ್ನು ಕಂಡವರು ಜುಸೆಪ್ಪೆ ಪಿಯಾಜಿ ಎಂಬ ಕಥೋಲಿಕ ಗುರುಗಳು. ಪೋಪ್ 13ನೇ ಲಿಯೋರವರು 1891ರಲ್ಲಿ ಪುನಃ ಸ್ಥಾಪಿಸಿದ ವ್ಯಾಟಿಕನ್ ವೀಕ್ಷಣಾಲಯದಲ್ಲಿ ಸಾವಿರಕ್ಕೂ ಹೆಚ್ಚು ಉಲ್ಕಾಶಿಲೆಗಳ ಸಂಗ್ರಹವಿದೆ. 2025ರಲ್ಲಿ ಅದರ ನಿರ್ದೇಶಕರಾದವರು ನಮ್ಮ ದೇಶದವರೇ ಆದ ಯೇಸುಸಭೆಯ ಗುರು ರಿಚರ್ಡ್ ಡಿಸೋಜರವರು. ನಮ್ಮ ದೇಶದ ಕಾವಲೂ ಸಣ್ಣದಲ್ಲ. 1988ರಲ್ಲಿ, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಡಲಾಯಿತು.

2025ರ ಕೊನೆಯ ಹೊತ್ತಿಗೆ, ಭೂಮಿಯ ದಾರಿಯ ಹತ್ತಿರ ಬರುವ 40,000ಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಪತ್ತೆಯಾಗಿವೆ. ಆದರೆ 140 ಮೀಟರಿಗಿಂತ ದೊಡ್ಡವುಗಳಲ್ಲಿ ಅರ್ಧದಷ್ಟೂ ಇನ್ನೂ ಸಿಕ್ಕಿಲ್ಲವೆಂದು ಅಂದಾಜು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಬಂಡೆ ಗಾಳಿಯಲ್ಲೇ ಸಿಡಿದು, ಒಡೆದ ಕಿಟಕಿ ಗಾಜುಗಳಿಂದ ಸುಮಾರು 1,500 ಜನ ಗಾಯಗೊಂಡರು. ಅದು ಸೂರ್ಯನ ಕಡೆಯಿಂದ ಬಂದದ್ದರಿಂದ ಮೊದಲು ಯಾರಿಗೂ ಕಾಣಲಿಲ್ಲ. ಕಾವಲು ಇನ್ನೂ ಪೂರ್ತಿಯಾಗಿಲ್ಲ.

ಯಾರ ಕಡೆಗೆ ತಳ್ಳುವುದು?

ಮೂರನೆಯ ಪ್ರಶ್ನೆಯೇ ಕಷ್ಟದ್ದು. 2022ರ ಸೆಪ್ಟೆಂಬರ್ 26ರಂದು ಅಮೆರಿಕದ ಡಾರ್ಟ್ ಎಂಬ ನೌಕೆ, ಸುಮಾರು 160 ಮೀಟರಿನ ಡೈಮಾರ್ಫಸ್ ಎಂಬ ಕಲ್ಲಿಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಆ ಕಲ್ಲು ಇನ್ನೊಂದು ದೊಡ್ಡ ಕಲ್ಲನ್ನು ಸುತ್ತುವ ಅವಧಿ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಅಂದರೆ ಬರುವ ಕಲ್ಲಿನ ದಾರಿಯನ್ನು ಮನುಷ್ಯ ಬದಲಿಸಬಲ್ಲ. ಭೂಮಿ ತನ್ನ ವ್ಯಾಸದಷ್ಟು ದೂರ ಸಾಗಲು ಏಳು ನಿಮಿಷ ಸಾಕು. ಕಲ್ಲು ಬರುವುದು ಅಷ್ಟು ತಡವಾದರೆ ತಪ್ಪಿಹೋಗುತ್ತದೆ.

ಆದರೆ ತಳ್ಳಿದ್ದು ಸಾಲದೆ ಹೋದರೆ? ಆಗ ಬೀಳುವ ಜಾಗ ಅದೇ ಗೆರೆಯ ಮೇಲೆ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಒಬ್ಬರ ಊರು ಉಳಿದು ಇನ್ನೊಬ್ಬರ ಊರು ಅಪಾಯಕ್ಕೆ ಬೀಳುತ್ತದೆ. ನೌಕೆ ಇರುವುದು ಬಲ್ಲಿದ ರಾಷ್ಟ್ರಗಳ ಕೈಯಲ್ಲಿ. 2025ರ ಆ ಗೆರೆಯ ಕೆಳಗೆ ಇದ್ದವರಲ್ಲಿ ಬಹುಮಂದಿ ಆಫ್ರಿಕದ, ನಮ್ಮ ಭಾಗದ ಬಡವರು. ತೀರ್ಮಾನ ಯಾರದು?

ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಲೇಸೆಂದು ಲೆಕ್ಕ ಹಾಕಿದವನು ಪ್ರಧಾನಯಾಜಕ ಕಾಯಫ. ಆ ಲೆಕ್ಕದ ಕೊನೆಗೆ ಶಿಲುಬೆ ಇತ್ತು. ಕಡಿಮೆ ಜನರಿರುವ ಕಡೆಗೆ ಅಪಾಯವನ್ನು ಸರಿಸುವುದು ಎಂದೂ ಸಲ್ಲದೆಂದು ನಾನು ಹೇಳುತ್ತಿಲ್ಲ. ಊರಿನ ಕಡೆ ನುಗ್ಗುವ ನೀರನ್ನು ಬಯಲಿಗೆ ತಿರುಗಿಸುತ್ತೇವಲ್ಲವೇ? ಆದರೆ ಆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡವನನ್ನು ಕೇಳದೆ, ಅವನನ್ನು ಮೊದಲು ಸಾಗಿಸದೆ ತಿರುಗಿಸುವುದು ಕಾಯಫನ ದಾರಿ. ಅವನೂ ದೇವರ ಪ್ರತಿರೂಪ, ಲೆಕ್ಕದ ಉಳಿಕೆಯಲ್ಲ. ಅಂಬಿಗ, ಮಡಿವಾಳ, ಸಮಗಾರರು ಕಲ್ಯಾಣದಲ್ಲಿ ಸರಿಸಮವಾಗಿ ಕುಳಿತು ಮಾತಾಡಿದ ನೆನಪು ಇರುವ ಈ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆರೆಯ ಕೆಳಗಿರುವವನ ಮಾತಿಗೂ ಅಲ್ಲಿ ಜಾಗವಿರಬೇಕು.

ನಮ್ಮ ಮನೆಗಳಲ್ಲಿ

ಇಷ್ಟು ದೊಡ್ಡ ವಿಷಯದಲ್ಲಿ ನಾವೇನು ಮಾಡಬಲ್ಲೆವು ಎನ್ನುವಿರಾ? ಮೊದಲನೆಯದಾಗಿ, ಪ್ರಳಯದ ದಿನ ಹೇಳುವವರ ಮಾತಿಗೆ ಬೆಲೆ ಕೊಡಬೇಡಿ. ಶೇಕಡಾ 3ರ ಅಪಾಯವನ್ನು ಮುಚ್ಚಿಡದೆ, ಹಿಗ್ಗಿಸದೆ, ಇದ್ದಷ್ಟೇ ಹೇಳಿದ ವಿಜ್ಞಾನಿಗಳಿಂದ ನಾವು ಕಲಿಯೋಣ. ಮನೆಯಲ್ಲಿ ಕಾಯಿಲೆಯ ಸುದ್ದಿ, ಸಾಲದ ಸುದ್ದಿ ಹೇಳುವಾಗಲೂ ಅದೇ ನಿಯಮ.

ಎರಡನೆಯದಾಗಿ, ಮಕ್ಕಳಿಗೆ ಆಕಾಶ ತೋರಿಸಿ. ಆಗಸ್ಟಿನಲ್ಲಿ ಸಂತ ಲಾರೆನ್ಸರ ಕಣ್ಣೀರೆಂದು ಯೂರೋಪಿನವರು ಕರೆಯುವ ಉಲ್ಕಾವೃಷ್ಟಿ ನಮ್ಮಲ್ಲಿ ಮಳೆಮೋಡಗಳ ಹಿಂದೆ ಅಡಗುತ್ತದೆ. ಆದರೆ ಡಿಸೆಂಬರ್ 13, ಕಣ್ಣುಗಳ ಪಾಲಕಿ ಸಂತ ಲೂಸಿಯಳ ಸ್ಮರಣೆಯ ದಿನ. ಆ ರಾತ್ರಿ ಮಿಥುನ ರಾಶಿಯ ಕಡೆಯಿಂದ ಬರುವ ಉಲ್ಕೆಗಳನ್ನು ಬರಿಗಣ್ಣಿನಿಂದಲೇ ನೋಡಬಹುದು. ಫೇಥಾನ್ ಎಂಬ ಕ್ಷುದ್ರಗ್ರಹದಿಂದ ಉದುರಿದ ಕಣಗಳು ಅವು. ಹತ್ತು ಗಂಟೆಯ ನಂತರ, ಹುಮನಾಬಾದಿನ ಹೆದ್ದಾರಿಯ ದೀಪಗಳಿಂದ ದೂರ, ಮಾಳಿಗೆಯ ಮೇಲೆ ಕಂಬಳಿ ಹಾಸಿ ಮಲಗಿ ನೋಡಿ. ಅಪಶಕುನವೆಂದು ಕಣ್ಣು ಮುಚ್ಚಿಕೊಳ್ಳುವುದು ಬೇಡ.

ಜಪಸರ ಮುಗಿಸುವಾಗ ಒಂದು ಕೋರಿಕೆ ಸೇರಿಸಿ: ನಾವು ಮಲಗಿರುವಾಗ ನಮಗಾಗಿ ಎಚ್ಚರವಿರುವ ಎಲ್ಲರಿಗಾಗಿ, ಆಕಾಶ ಕಾಯುವವರಿಂದ ಹಿಡಿದು ಆಸ್ಪತ್ರೆಯ ದಾದಿಯವರೆಗೆ, ಮತ್ತು ಯಾವ ಗೆರೆಯ ಕೆಳಗೋ ಬದುಕುತ್ತಿರುವ, ನಮಗೆ ಹೆಸರು ಗೊತ್ತಿಲ್ಲದ ಸಹೋದರ ಸಹೋದರಿಯರಿಗಾಗಿ.