ನೆಲದೊಳಗಿನ ಕಬ್ಬಿಣ ಯಾರದು?

ಬೇಕಲ ಕೋಟೆಯ ಬುರುಜೇರಿ ಕಡಲನ್ನು ನೋಡುವ ನಾವು ಕಾಲಡಿಯ ಮಣ್ಣನ್ನು ನೋಡುವುದು ಕಡಿಮೆ. ಈಗ ಲೋಹಶೋಧಕ ಯಂತ್ರ ಯಾರಿಗೂ ಸಿಗುತ್ತದೆ. ಅದು ಕೂಗಿದಲ್ಲಿ ಅಗೆದು, ಸಿಕ್ಕ ಗುಂಡನ್ನೋ ಕತ್ತಿಯ ಹಿಡಿಯನ್ನೋ ಮನೆಯ ಷೋಕೇಸಿನಲ್ಲಿಟ್ಟರೆ ತಪ್ಪೇನು? ತುಕ್ಕಿಗೆ ತುತ್ತಾಗುವುದನ್ನು ಉಳಿಸಿದೆವಲ್ಲ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆವು.

ಆದರೆ ಈ ಕೋಟೆಯನ್ನು ಕಟ್ಟಿಸಿದ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ನಡೆದುದನ್ನು ನೆನೆಯಬೇಕು. 2018ರಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿನ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್‌ಗಳನ್ನು ಹೊರತೆಗೆದರು. ದಾರಿ ತೋರಿದ್ದು ಬಾವಿಯ ಮಣ್ಣಿನಿಂದ ಬರುತ್ತಿದ್ದ ಮದ್ದಿನ ವಾಸನೆ! ಮನೆಮನೆಗೆ ಹಂಚಿಹೋಗಿದ್ದರೆ ಅವು ತುಕ್ಕು ಹಿಡಿದ ಕೊಳವೆಗಳಷ್ಟೇ ಆಗುತ್ತಿದ್ದವು. ಇದ್ದಲ್ಲೇ, ಒಟ್ಟಾಗಿ ಕಂಡುದರಿಂದ ಒಂದು ಯುದ್ಧಸಿದ್ಧತೆಗೆ ಸಾಕ್ಷಿಯಾದವು. ಲೋಹವಿದೆಯೆಂದು ಯಂತ್ರ ಹೇಳೀತು. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದನ್ನು ಅವಸರದ ಗುದ್ದಲಿ ಅಳಿಸಿಬಿಡುತ್ತದೆ.

ಸಂರಕ್ಷಿತ ಕೋಟೆಯೊಳಗೆ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆಯೇ ತಡೆದಿದೆ. ಸ್ವಂತ ಅಡಿಕೆ ತೋಟದಲ್ಲಿ ಸಿಕ್ಕರೆ? ಹತ್ತು ರೂಪಾಯಿಗೆ ಮೀರಿದ ನಿಧಿಯ ಸುದ್ದಿಯನ್ನು ಜಿಲ್ಲಾಧಿಕಾರಿಗೆ ಮುಟ್ಟಿಸಬೇಕೆನ್ನುತ್ತದೆ 1878ರ ನಿಧಿ ಕಾಯಿದೆ. (ಹತ್ತು ರೂಪಾಯಿಗೆ ಇಂದು ಚಹಾ ಸಿಗುವುದೂ ಕಷ್ಟ.) ಬೆಲೆಯ ಮಾತು ಹಾಗಿರಲಿ. ಗುಂಡು ಹಾರಿಸಿದವನೂ ಅದಕ್ಕೆ ಬಲಿಯಾದವನೂ ಹೆಸರಿಲ್ಲದೆ ಹೋದರು. ಅವರು ನಿಂತಿದ್ದ ಜಾಗದ ಗುರುತೊಂದೇ ಉಳಿದಿರುವಾಗ, ಅದನ್ನೆತ್ತಿ ಕಿಸೆಗಿಳಿಸುವ ಹಕ್ಕು ನಮಗೆ ತೋಟದ ಪಟ್ಟೆಯೊಂದಿಗೆ ಬಂದಿದೆಯೇ?