ಹೆಸರು ಮತ್ತು ನುಡಿ: ಕರ್ತೃತ್ವದ ಒಂದು ನೈತಿಕ ಪ್ರಶ್ನೆ

ಕೃತಿಯೊಂದನ್ನು ರಚಿಸದವರ ಹೆಸರಿಗೆ ಸಲ್ಲಿಸುವುದು ಅಸತ್ಯ. ರಚಿಸಿದವರಿಂದ ಅದನ್ನು ಕಸಿಯುವುದು ಅನ್ಯಾಯ. ಈ ಎರಡು ದೋಷಗಳ ನಡುವೆ ವಿವೇಕಿಯು ಹೇಗೆ ನಡೆಯಬೇಕು? ಪ್ರಾಚೀನ ಸುಮೇರಿಯದ ಸಾಹಿತ್ಯವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತುತ್ತದೆ.

ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ಬೆಳೆದ ಆ ಸಾಹಿತ್ಯದ ಬಹುಪಾಲು ಅನಾಮಿಕವಾದುದು. ಅದರಲ್ಲಿ ಎದ್ದು ಕಾಣುವ ಹೆಸರು ಎನ್‌ಹೆದುಅನ್ನಾ. ಈಕೆ ಕ್ರಿ.ಪೂ. 2300ರ ಸುಮಾರಿನಲ್ಲಿ ಆಳಿದ ಅಕ್ಕಾಡಿನ ದೊರೆ ಸರ್ಗೋನನ ಮಗಳು; ‘ಊರ್’ ಎಂಬ ನಗರದ ಚಂದ್ರದೇವಾಲಯದ ಪ್ರಧಾನ ಅರ್ಚಕಿ. 1927ರಲ್ಲಿ ಲಿಯೊನಾರ್ಡ್ ವೂಲಿ ಅವರ ಉತ್ಖನನದಲ್ಲಿ ದೊರೆತ ದುಂಡನೆಯ ಶಿಲಾಫಲಕದಲ್ಲಿ ಆಕೆಯ ರೂಪವೂ ಹೆಸರೂ ಇವೆ. ಆಕೆಯ ಕೇಶಾಲಂಕಾರಕನ ಮುದ್ರೆಯೂ ಸಿಕ್ಕಿದೆ. ಆದುದರಿಂದ ಆಕೆ ಬಾಳಿದ್ದಳೆಂಬುದರಲ್ಲಿ ಸಂದೇಹವಿಲ್ಲ.

ಆಕೆ ಕವಯಿತ್ರಿಯೇ ಎಂಬುದು ಬೇರೆಯೇ ಪ್ರಶ್ನೆ. ಶಿಲಾಫಲಕವು ಕಾವ್ಯದ ಮಾತೆತ್ತುವುದಿಲ್ಲ. ಇನಾನ್ನಾ ದೇವಿಯ ಸ್ತುತಿಯೊಂದರಲ್ಲಿ ಆಕೆ ತನ್ನ ಹೆಸರು ಹೇಳಿಕೊಂಡು, ತನ್ನನ್ನು ಹೊರಗಟ್ಟಿದ ಲುಗಲ್‌ಅನೆಯ ವಿರುದ್ಧ ಮೊರೆಯಿಡುತ್ತಾಳೆ. ಆದರೆ ಅದರ ಉಪಲಬ್ಧ ಪ್ರತಿಗಳು ಸುಮಾರು 500 ವರ್ಷಗಳ ತರುವಾಯ ಲಿಪಿಕಾರರು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದವು. 42 ದೇವಾಲಯಸ್ತುತಿಗಳ ಸಂಗ್ರಹವನ್ನು ಜೋಡಿಸಿದವಳು ಆಕೆಯೆಂದು ಅದರ ಅಂತ್ಯದಲ್ಲಿದೆ. ಆದರೆ ಆಕೆಯ ಕಾಲಕ್ಕಿಂತ ಬಹಳ ತಡವಾಗಿ ಆಳಿದ ಶುಲ್ಗಿಯ ದೇವಾಲಯದ ಸ್ತುತಿಯೂ ಅದರೊಳಗಿದೆ. ಅದನ್ನು ಬೇರೊಂದು ಕೈ ಸೇರಿಸಿರಲೇಬೇಕು.

ಈ ಕಾರಣದಿಂದ ವಿದ್ವಾಂಸರಲ್ಲಿ ಕೆಲವರು ಕೃತಿಗಳು ಆಕೆಯವೇ ಎನ್ನುತ್ತಾರೆ. ಕೆಲವರು ನಂತರದವರು ಆಕೆಯ ದನಿಯಲ್ಲಿ ರಚಿಸಿರಬಹುದೆನ್ನುತ್ತಾರೆ. ಹಾಗಿದ್ದರೆ ಆ ಅಜ್ಞಾತ ಕವಿಯನ್ನು ವಂಚಕನೆನ್ನಬಹುದೆ? ವಂಚಕನು ಪರರ ನುಡಿಗೆ ತನ್ನ ಹೆಸರಿಡುತ್ತಾನೆ. ಈತನಾದರೋ ತನ್ನ ನುಡಿಗೆ ಪರರ ಹೆಸರಿಟ್ಟು ತಾನು ಮರೆಯಾದನು. ಇದರಲ್ಲಿ ಲೋಭವಿಲ್ಲದಿರಬಹುದು, ಭಕ್ತಿಯೇ ಇರಬಹುದು. ಆದರೂ ಓದುವವನು ತಪ್ಪು ತಿಳಿಯುವಂತಾಯಿತೆಂಬುದು ಉಳಿಯುತ್ತದೆ. ಉದ್ದೇಶದ ಶುದ್ಧಿಯು ಮಾತಿನ ಸತ್ಯತೆಗೆ ಬದಲಾಗದು.

ಸಂದೇಹಪಡುವವನಿಗೂ ಇದೇ ನಿಯಮ ಸಲ್ಲುತ್ತದೆ. ಪ್ರಮಾಣ ಸಾಲದೆಂಬ ಮಾತ್ರಕ್ಕೆ ‘ಆಕೆ ಬರೆಯಲಿಲ್ಲ’ ಎಂದು ಸಾರುವುದು ಪ್ರಮಾಣವನ್ನು ಮೀರಿದ ಮಾತು. ಜಗತ್ತಿನ ಪ್ರಥಮ ಕವಿಯೆಂಬ ಬಿರುದಿನ ಮೋಹದಿಂದ ‘ಆಕೆಯೇ ಬರೆದಳು’ ಎಂದು ಸಾಧಿಸುವುದೂ ಅಷ್ಟೇ. ಆಕೆ ಇದ್ದಳು ಎಂಬುದು ನಿಶ್ಚಿತ. ಕೃತಿಗಳು ಆಕೆಯ ಹೆಸರನ್ನು ಹೊತ್ತಿವೆ ಎಂಬುದು ನಿಶ್ಚಿತ. ಆಕೆಯೇ ರಚಿಸಿದಳೆಂಬುದು ಸಾಧ್ಯ. ಈ ಮೂರನ್ನು ಬೆರೆಸದೆ ನುಡಿಯುವುದರಿಂದ ಆಕೆಗೂ ಅನ್ಯಾಯವಾಗದು, ಹೆಸರಿಲ್ಲದೆ ಮರೆಯಾದವರಿಗೂ ಅನ್ಯಾಯವಾಗದು.