ನಮ್ಮ ಚರಂಡಿ ಎಲ್ಲಿಗೆ ಹರಿಯುತ್ತದೆ?



ನಗರಸಭೆ, ಪುರಸಭೆಗಳ ಚುನಾವಣೆ ಬಂತೆಂದರೆ ಭಾನುವಾರದ ಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಧರ್ಮಗುರುಗಳಿಗೆ ಎದುರಾಗುವ ಪ್ರಶ್ನೆ ಒಂದೇ: “ಫಾದರ್, ನಮ್ಮವರು ಯಾರಾದರೂ ನಿಂತಿದ್ದಾರೋ?” 2018ರ ಆಗಸ್ಟ್‌ನಲ್ಲಿ ಉಡುಪಿ, ಕಾರ್ಕಳಗಳಲ್ಲೂ, 2021ರ ಡಿಸೆಂಬರ್‌ನಲ್ಲಿ ಕಾಪುವಿನಲ್ಲೂ ಮತದಾನ ನಡೆದಾಗ ಈ ಪ್ರಶ್ನೆಯನ್ನು ಕೇಳದ ಗುರುಗಳು ಇರಲಾರರು.

ಈ ಪ್ರಶ್ನೆಯಲ್ಲಿ ಪಾಪವೇನೂ ಇಲ್ಲ. ಸಂಖ್ಯೆಯಲ್ಲಿ ಕಡಿಮೆಯಿರುವವರು ಸಭೆಯಲ್ಲಿ ತಮ್ಮದೂ ಒಂದು ದನಿ ಇರಲೆಂದು ಬಯಸುವುದು ಸಹಜ. ಆದರೆ ಜ್ಞಾನಸ್ನಾನದ ದಾಖಲೆ ನೋಡಿ ಹಾಕುವ ಮತವೂ, “ನಮ್ಮ ಗೇಟಿನವರೆಗೆ ಕಾಂಕ್ರೀಟು ಹಾಕಿಸಿದ ಜನ” ಎಂದು ಹಾಕುವ ಮತವೂ ಒಂದೇ ಜಾತಿಯವು. ಎರಡರಲ್ಲೂ ಮತವು ನನ್ನ ಸೊತ್ತು.

ಸೊತ್ತು ಎಂದಾದರೆ ಒಂದು ತೊಡಕಿದೆ. ನನ್ನ ತೋಟದ ತೆಂಗಿನಕಾಯಿಯನ್ನು ನಾನು ಮಾರಬಹುದು. ಹಾಗಾದರೆ ಮತವನ್ನು ಏಕೆ ಮಾರಬಾರದು? ಮತದಾನದ ಹಿಂದಿನ ರಾತ್ರಿ ಬರುವ ಲಕೋಟೆ ತಪ್ಪೆಂದು ನಾವೆಲ್ಲರೂ ಒಪ್ಪುತ್ತೇವೆ. ಒಪ್ಪುವುದು ಏಕೆಂದರೆ, ಮತವು ಸೊತ್ತಲ್ಲ, ಇತರರ ಪರವಾಗಿ ನಮ್ಮ ಕೈಗಿತ್ತ ನ್ಯಾಸ ಎಂದು ಮನಸ್ಸಿನ ಆಳದಲ್ಲಿ ನಮಗೆ ತಿಳಿದಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮತದಾನವನ್ನು ಹಕ್ಕೆಂದೂ ಕರ್ತವ್ಯವೆಂದೂ ಕರೆದದ್ದು ಸರ್ವರ ಹಿತದ ಹೆಸರಿನಲ್ಲಿ.

ಯಾರು ಆ ಇತರರು? ಉಡುಪಿಯಲ್ಲಿ ಇಂದ್ರಾಣಿ ಹೊಳೆಯನ್ನು ನೋಡಿದರೆ ಸಾಕು. ಮೇಲಿನ ಬಡಾವಣೆಗಳ, ಹೋಟೆಲು ವಸತಿಗೃಹಗಳ ಕೊಳಚೆ ಅದರಲ್ಲಿ ಹರಿದು, ಕೆಳಗಿನವರ ಬಾವಿ ಕೆಟ್ಟಿತೆಂಬ ದೂರು ಹಳೆಯದು. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕವಿದ್ದರೂ ದೂರು ನಿಲ್ಲಲಿಲ್ಲ. ಹೊಳೆಯ ಬದಿಯವರಿಗಾದರೂ ನಗರಸಭೆಯ ಮತವಿದೆ. ಆದರೆ ನಗರದ ಕಸ ಹೋಗಿ ಬೀಳುವುದು ಅಲೆವೂರಿನ ಕರ್ವಾಲಿನಲ್ಲಿ. ಅದು ಗ್ರಾಮ ಪಂಚಾಯತಿನ ಊರು. ನಮ್ಮ ಕಸದ ವಾಸನೆ ಅವರಿಗೆ, ಅದರ ಬಗ್ಗೆ ತೀರ್ಮಾನಿಸುವ ಮತ ನಮಗೆ! ಅವರ ಪಾಲಿನ ಮತವನ್ನೂ ನಾವೇ ಹಾಕಬೇಕಾಗಿದೆ.

ಯೇಸುಸ್ವಾಮಿ ಹೇಳಿದ ಸಮಾರಿಯದವನು ಗಾಯಾಳುವನ್ನು “ನಮ್ಮವನೋ” ಎಂದು ಕೇಳಲಿಲ್ಲ. ಕೈಯಿಂದಲೇ ಎರಡು ನಾಣ್ಯ ಕೊಟ್ಟು ಹೋದ. ಮನೆ ತೆರಿಗೆ ಕಟ್ಟುವಾಗ ಈ ನಾಣ್ಯಗಳ ನೆನಪು ನಮಗೆ ಬರುವುದು ಅಪರೂಪವೆನ್ನಿ.

ಇದು ಬರಿಯ ಪ್ರವಚನವಲ್ಲ, ಇಲ್ಲಿಯೇ ನಡೆದದ್ದುಂಟು. ಜನಸಂಘದ ಡಾ. ವಿ.ಎಸ್. ಆಚಾರ್ಯರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ಈ ಊರಿನಲ್ಲಿ ನಿಂತದ್ದು ಅವರ ಕಾಲದಲ್ಲಿ. ದೇಶಕ್ಕೆ ಅದರ ಕಾಯಿದೆ ಬಂದದ್ದು 1993ರಲ್ಲಿ. ಅವರ ರಾಜಕೀಯ ನಮ್ಮಲ್ಲಿ ಅನೇಕರಿಗೆ ಒಪ್ಪಿಗೆಯಾಗದಿರಬಹುದು. ಆದರೆ ಆ ಬುಟ್ಟಿ ಹೊತ್ತವರ ಮತಗಳ ಬಲದಿಂದ ಯಾರೂ ಅಧ್ಯಕ್ಷರಾಗುವಂತಿರಲಿಲ್ಲ. ಆದರೂ ಬುಟ್ಟಿ ಇಳಿಯಿತು.

ಮುಂದಿನ ಸಲ ಅಭ್ಯರ್ಥಿಗಳು ಕೈಮುಗಿದು ಮನೆಗೆ ಬಂದಾಗ ಕುಳ್ಳಿರಿಸಿ ನೀರು ಬೆಲ್ಲ ಕೊಡಿ. ರಸ್ತೆಯ ವಿಷಯಕ್ಕೆ ಅವರಲ್ಲಿ ಉತ್ತರ ಸಿದ್ಧವಿರುತ್ತದೆ. ಇಂದ್ರಾಣಿಯ ಬಗ್ಗೆ, ಕರ್ವಾಲಿನ ಬಗ್ಗೆ ಕೇಳಿ ನೋಡಿ. ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾದೀತು, ಅವಸರ ಮಾಡಬೇಡಿ.